ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗಿ

2021ರ ದೀಪಾವಳಿಗೆ ನನ್ನ ತಂಗಿ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟಿರೋದು ಶಿರಾ ತಾಲ್ಲೂಕಿನ ಒಂದು ಹಳ್ಳಿಗೆ. ನಮ್ಮದು ಮಡಕಶಿರದ ಕಡೆ, ಅಗಳಿ ಮಂಡಲ. ನಮ್ಮ ಕಡಲೆಕಾಯಿ ಹೊಲದ ಬದುವಿನ ಮೇಲೆ ನಿಂತರೆ ದೂರಕ್ಕೆ ಕಾಣುವ ತೆಂಗಿನ ತೋಟ ಕರ್ನಾಟಕದ್ದು. ಹಬ್ಬದ ಸಂಜೆ ಗೋಣಿಚೀಲ ತರಲೆಂದು ನಾನು ಕೋಣೆಗೆ ಹೋದೆ. ಅಲ್ಲಿ ನನ್ನ ತಮ್ಮನ ಮಗಳು ತಂಗಿಯ ಮಗಳ ಬ್ಯಾಗಿನೊಳಗೆ ಏನನ್ನೋ ತುರುಕುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಕಳ್ಳರ ಹಾಗೆ ಬೆಚ್ಚಿಬಿದ್ದರು.

‘ಏನ್ರೇ ಅದು?’ ಅಂದೆ. ಒಬ್ಬಳು ಗೋಡೆ ನೋಡಿದಳು, ಇನ್ನೊಬ್ಬಳು ನೆಲ ನೋಡಿದಳು. ಹಿಂದಿನಿಂದ ನನ್ನ ಹೆಂಡತಿ ಬಂದು, ‘ನೀವು ಸುಮ್ಕೆ ಈಚೆ ಬರ್ರೀ, ಗಂಡಸರಿಗೆ ಎಲ್ಲಾ ಬೇಕು’ ಅಂತ ನನ್ನನ್ನು ಹೊರಗೆ ಕಳಿಸಿದಳು. ವಿಷಯ ಏನೆಂದು ರಾತ್ರಿ ಹೇಳಿದಳು. ಇಬ್ಬರೂ ಆಗ ಒಂಬತ್ತನೇ ತರಗತಿ, ಇಬ್ಬರೂ ಸರ್ಕಾರಿ ಶಾಲೆ. ನಮ್ಮ ಕಡೆ ಹುಡುಗಿಗೆ ಶಾಲೆಯಲ್ಲಿ ಪ್ಯಾಡ್ ಕೊಟ್ಟಿದ್ದರು. ಆ ಕಡೆ ಹುಡುಗಿಗೆ ಕೊಡೋದು ನಿಲ್ಲಿಸಿ ವರ್ಷದ ಮೇಲಾಗಿತ್ತು. ಇವಳು ತನ್ನದರಲ್ಲಿ ಅರ್ಧ ಅವಳಿಗೆ ಕೊಡುತ್ತಿದ್ದಳು.

ನಮ್ಮ ಗಡಿಯಲ್ಲಿ ಏನೇನು ದಾಟುತ್ತದೆ ಎಂದು ಈ ಪುಟದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಚಳ್ಳಕೆರೆಯಲ್ಲಿ ಕಡಲೆಕಾಯಿಗೆ ಕ್ವಿಂಟಾಲಿಗೆ ನೂರು ರೂಪಾಯಿ ಜಾಸ್ತಿ ಅಂದರೆ ಮೂಟೆ ಆ ಕಡೆ ಉರುಳುತ್ತದೆ. ಹಿಂದೂಪುರದಲ್ಲಿ ಹುಣಸೆಹಣ್ಣಿಗೆ ದರ ಬಂತು ಅಂದರೆ ಆ ಕಡೆ ಮರದ ಹಣ್ಣು ಈ ಕಡೆ ಬರುತ್ತದೆ. ರೇಷ್ಮೆಗೂಡು ರಾತ್ರೋರಾತ್ರಿ ರಾಮನಗರದ ದಾರಿ ಹಿಡಿಯುತ್ತದೆ. ಬಾಟಲಿಗಳ ವಿಷಯ ಬೇಡ ಬಿಡಿ. ಆವತ್ತು ಈ ಪಟ್ಟಿಗೆ ಹೆಣ್ಣುಮಕ್ಕಳ ಪ್ಯಾಡೂ ಸೇರಿತು ಅಂತ ನಾನು ನಕ್ಕೆ. ಹೆಂಡತಿ ನಗಲಿಲ್ಲ.

ಅವಳು ನಗದೇ ಇದ್ದದ್ದಕ್ಕೇ ನಾನು ಆಮೇಲೆ ಇದನ್ನು ವಿಚಾರಿಸಿದ್ದು. ಕರ್ನಾಟಕದಲ್ಲಿ ‘ಶುಚಿ’ ಅನ್ನೋ ಯೋಜನೆ 2013-14ರಲ್ಲಿ ಶುರುವಾಗಿತ್ತು. ಸರ್ಕಾರಿ ಮತ್ತು ಅನುದಾನಿತ ಶಾಲೆ, ಹಾಸ್ಟೆಲುಗಳಲ್ಲಿರುವ 10ರಿಂದ 19 ವರ್ಷದ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ಯಾಡ್. ಕೊರೋನಾ ಬಂದ 2020ರಿಂದ ಅದು ನಿಂತಿತು. ಶಾಲೆಗಳು ತೆರೆದ ಮೇಲೂ ಬೇಗ ಬರಲಿಲ್ಲ, ಮತ್ತೆ ಕೊಡಲು ಶುರುಮಾಡಿದ್ದು 2024ರಲ್ಲಿ. ಆಂಧ್ರದಲ್ಲಿ ‘ಸ್ವೇಚ್ಛ’ ಎಂಬ ಹೆಸರಲ್ಲಿ 2021ರ ಅಕ್ಟೋಬರ್ 5ರಂದು ಪ್ರಾರಂಭ ಮಾಡಿದರು. ಏಳನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗೆ ಸರ್ಕಾರಿ ವಿದ್ಯಾಸಂಸ್ಥೆಯಲ್ಲಿ ಓದುವವರಿಗೆ ತಿಂಗಳಿಗೆ ಹತ್ತು ಪ್ಯಾಡ್. ಒಂದು ಕಡೆ ನಿಂತಿದ್ದಾಗ ಇನ್ನೊಂದು ಕಡೆ ಶುರುವಾಯಿತು. ಒಂದೇ ಅಜ್ಜಿಯ ಮೊಮ್ಮಕ್ಕಳು, ಒಂದೇ ಮಾತು, ಒಂದೇ ಮನೆದೇವರು. ಕೊಟ್ಟ ಊರು ಯಾವುದು ಅನ್ನೋದರ ಮೇಲೆ ಒಬ್ಬಳಿಗೆ ಉಂಟು, ಒಬ್ಬಳಿಗಿಲ್ಲ. ಹತ್ತು ಪ್ಯಾಡ್ ಅಂದರೆ ಐದು ದಿನಕ್ಕೆ ದಿನಕ್ಕೆರಡು. ಆರು ಗಂಟೆಗೊಮ್ಮೆಯಾದರೂ ಬದಲಾಯಿಸಬೇಕು ಅಂತ ನರ್ಸಮ್ಮಗಳು ಹೇಳುತ್ತಾರೆ. ಅದರಲ್ಲೂ ಅರ್ಧ ಕೊಟ್ಟ ಹುಡುಗಿ ಆ ತಿಂಗಳು ಏನು ಮಾಡಿದಳೋ ನಾನು ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ.

ಗಡಿಪುಟದಲ್ಲಿ ಗಂಡಸು ಬರೆಯೋ ವಿಷಯವಾ ಇದು ಅಂತ ಕೆಲವರು ಮುಖ ತಿರುಗಿಸಬಹುದು. ಇಲ್ಲಿ ನಾವು ಬರೆಯೋದು ಕನ್ನಡ ಮೇಷ್ಟ್ರ ಖಾಲಿ ಹುದ್ದೆ, ಪಠ್ಯಪುಸ್ತಕ ತಡವಾದದ್ದು, ಬಸ್ಸಿನ ಬೋರ್ಡಿನಲ್ಲಿ ಕನ್ನಡ ಇಲ್ಲದ್ದು. ನಾನೂ ಅದನ್ನೇ ಬರೆದಿದ್ದೇನೆ, ಎರಡೂ ಭಾಷೆಯಲ್ಲಿ ಪದ್ಯ ಕಟ್ಟಿದ್ದೇನೆ. ಆದರೆ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು ಅಂತ ಗೋಳಾಡುವ ನಾವು, ಆ ಮಕ್ಕಳಲ್ಲಿ ಹೆಣ್ಣುಮಕ್ಕಳು ಯಾವ ವಯಸ್ಸಿಗೆ, ಯಾವ ಕಾರಣಕ್ಕೆ ಕಡಿಮೆಯಾಗುತ್ತಾರೆ ಅಂತ ಒಂದು ದಿನವಾದರೂ ಎಣಿಸಿದ್ದೇವಾ?

ನಮ್ಮ ಮನೆಯಲ್ಲೇ ಎಣಿಸುತ್ತೇನೆ. ನನ್ನ ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಲೆಕ್ಕದಲ್ಲಿ ಎಷ್ಟು ಚುರುಕು ಅಂದರೆ, ನಮ್ಮಪ್ಪ ಮಂಡಿಯಿಂದ ಬಂದು ಚೀಟಿ ಕೊಟ್ಟರೆ ತೂಕ, ಕಮಿಷನ್ನು, ಹಮಾಲಿ ಎಲ್ಲ ಬಾಯಲ್ಲೇ ಕಳೆದು ಕೈಗೆಷ್ಟು ಬರಬೇಕು ಅಂತ ಹೇಳುತ್ತಿದ್ದಳು. ಏಳನೇ ತರಗತಿಯಲ್ಲಿದ್ದಾಗ ದೊಡ್ಡವಳಾದಳು. ಹೊಂಗೆ ಸೊಪ್ಪಿನ ಗುಡ್ಲು ಹಾಕಿದರು, ಚಿಗಳಿ ತಂಬಿಟ್ಟು ಕೊಟ್ಟರು, ಸೋದರಮಾವ ಸೀರೆ ತಂದ, ಆರತಿ ಎತ್ತಿದರು. ನಾನು ಚಿಗಳಿ ತಿಂದು ಖುಷಿಯಾಗಿದ್ದೆ. ಹದಿನೈದು ದಿನ ಕಳೆದು ನಾನು ಸ್ಲೇಟು ಹಿಡಿದು ಹೊರಟಾಗ ಅಕ್ಕನೂ ಚೀಲ ತಗೊಂಡಳು. ಅವ್ವ ಆ ಚೀಲ ಇಸ್ಕೊಂಡು ಗೂಟಕ್ಕೆ ಹಾಕಿದಳು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಶಾಲೆಯಲ್ಲಿ ಕಕ್ಕಸು ಇರಲಿಲ್ಲ, ಹೈಸ್ಕೂಲಿಗೆ ಮೂರು ಮೈಲಿ ನಡೀಬೇಕಿತ್ತು, ದಾರಿಯಲ್ಲಿ ಹಳ್ಳ, ತೋಪು. ಅವ್ವನ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಎರಡು ವರ್ಷಕ್ಕೆ ಮದುವೆ. ನಾನು ಎಸ್.ಎಸ್.ಎಲ್.ಸಿ. ಓದಿದೆ, ಕವಿ ಅನಿಸಿಕೊಂಡೆ. ಅಕ್ಕ ಈಗಲೂ ನನ್ನ ಅಡಿಕೆ ಲೆಕ್ಕದಲ್ಲಿ ತಪ್ಪು ಹುಡುಕುತ್ತಾಳೆ.

ಇದು ನಲವತ್ತು ವರ್ಷದ ಹಿಂದಿನ ಕಥೆ, ಈಗ ಎಲ್ಲ ಸರಿಹೋಗಿದೆ ಅಂತೀರಾ? ಗುಡ್ಲು ಕಡಿಮೆಯಾಗಿದೆ, ನಿಜ. ಅದರ ಜಾಗಕ್ಕೆ ಶಾಮಿಯಾನ, ಫ್ಲೆಕ್ಸು ಬಂದಿವೆ. ಮಗಳು ದೊಡ್ಡವಳಾದಳು ಅಂತ ಊರಿಗೆಲ್ಲ ಫೋಟೊ ಹಾಕಿಸಿ ಕರೆಯುವ ತಂದೆಗೆ, ಮಾರನೇ ತಿಂಗಳಿಂದ ಅದೇ ಮಾತನ್ನು ಮನೆಯೊಳಗೆ ಎತ್ತಿದರೆ ನಾಚಿಕೆ! ಇದನ್ನು ಮಾತ್ರ ನನಗೆ ಅರ್ಥಮಾಡಿಕೊಳ್ಳಲು ಆಗಿಲ್ಲ. ಕೆಲವು ಹಟ್ಟಿಗಳಲ್ಲಿ ಹೊರಗಿಡುವುದು ಇನ್ನೂ ನಡೆದಿದೆ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಬಾಣಂತಿಯನ್ನು ಊರಾಚೆ ಗುಡಿಸಲಲ್ಲಿ ಇಟ್ಟು, ಮಳೆ-ಚಳಿಗೆ ಹಸುಗೂಸು ತೀರಿಕೊಂಡದ್ದನ್ನು ಓದಿದವರಿಗೆ ನೆನಪಿರಬಹುದು. ಮುಟ್ಟಾದವರನ್ನೂ ಬಸುರಿಯರನ್ನೂ ಹೀಗೆ ಬೇರೆ ಇಡೋದು ಕರ್ನಾಟಕದಲ್ಲಿ 2017ರ ಮೂಢನಂಬಿಕೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹಟ್ಟಿಯವರನ್ನು ದೂರಿ ನಾವು ಒಳ್ಳೆಯವರಾಗುವುದು ಬೇಡ. ಹನ್ನೆರಡನೇ ಶತಮಾನದ ಶರಣರು ಪಂಚಸೂತಕ ಇಲ್ಲ ಅಂದರು, ಆ ಐದರಲ್ಲಿ ರಜಸ್ಸೂತಕವೂ ಒಂದು. ಅದನ್ನು ಸಭೆಯಲ್ಲಿ ಭಾಷಣ ಮಾಡಿ ಬಂದವನ ಮನೆಯಲ್ಲೇ ಸೊಸೆ ಪಡಸಾಲೆ ಮೂಲೆಯಲ್ಲಿ ಚಾಪೆ ಹಾಸಿ ಕೂತಿರುತ್ತಾಳೆ. ನಮ್ಮ ಮನೆಯಲ್ಲೂ ಮೊನ್ನೆ ಮೊನ್ನೆಯವರೆಗೆ ಹಾಗೇ ಇತ್ತು.

ಬಟ್ಟೆಯ ವಿಷಯ. ‘ನಮ್ಮ ಕಾಲದಲ್ಲಿ ಪ್ಯಾಡು ಗೀಡು ಇತ್ತಾ, ಬಟ್ಟೆಯಲ್ಲೇ ಬದುಕಲಿಲ್ವಾ’ ಅಂತ ಹಿರಿಯರು ಹೇಳುವುದುಂಟು. ಅದಕ್ಕೆ ನನ್ನ ಹೆಂಡತಿ ಕೊಟ್ಟ ಉತ್ತರ ಕೇಳಿ. ಅಜ್ಜಿಯ ಕಾಲದ ಸೀರೆ ಕೈಮಗ್ಗದ ಹತ್ತಿ. ಹತ್ತು ವರ್ಷ ಉಟ್ಟು ಒಗೆದು ಮೆತ್ತಗಾದ ಮೇಲೆ ಅದು ನೀರು ಹೀರುತ್ತಿತ್ತು. ಈಗ ಕೂಲಿ ಹೆಂಗಸರು ಉಡೋದು ಸಂತೆಯಲ್ಲಿ ಸಿಗುವ ಪಾಲಿಯೆಸ್ಟರ್ ಸೀರೆ. ಅದು ಬೆವರೇ ಹೀರಲ್ಲ, ಇನ್ನೇನು ಹೀರುತ್ತೆ? ಹರಿದರೆ ಅಂಚು ಗರಗಸದ ಹಾಗೆ, ತೊಡೆ ತರಚುತ್ತದೆ. ಬಟ್ಟೆ ಕೆಟ್ಟದ್ದಲ್ಲ. ಒಳ್ಳೆ ಹತ್ತಿಬಟ್ಟೆ, ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಿದರೆ ಬಟ್ಟೆಯೂ ಆಗುತ್ತದೆ. ಆದರೆ ಬಿಸಿಲಲ್ಲಿ ಒಣಗಿಸುವವರು ಯಾರು? ಕೊಟ್ಟಿಗೆಯಲ್ಲಿ, ಲಂಗದ ಕೆಳಗೆ, ಸೋಗೆ ಸಂದಿಯಲ್ಲಿ ಒಣಗಿಸುತ್ತಾರೆ. ಅದು ಒಣಗೋದೇ ಇಲ್ಲ, ಹಸಿಯಲ್ಲೇ ಮತ್ತೆ ಉಪಯೋಗಕ್ಕೆ ಬರುತ್ತದೆ. ವರ್ಷದಲ್ಲಿ ಹತ್ತು ತಿಂಗಳು ಬಿಸಿಲು ಸುರಿಯುವ ಬರಗಾಲದ ಸೀಮೆ ನಮ್ಮದು. ಕಡಲೆಕಾಯಿ, ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲವನ್ನೂ ರಸ್ತೆ ತುಂಬ ಹರವುತ್ತೇವೆ, ಇದೊಂದಕ್ಕೆ ಬಿಸಿಲಿಲ್ಲ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನವರನ್ನು ಕೇಳಿದ್ದಾರೆ. ದೇಶದಲ್ಲಿ ನೂರಕ್ಕೆ 64 ಮಂದಿ ಪ್ಯಾಡ್ ಬಳಸುತ್ತಾರೆ, ನೂರಕ್ಕೆ 50 ಮಂದಿ ಬಟ್ಟೆ ಬಳಸುತ್ತಾರೆ. ಕೂಡಿಸಿದರೆ ನೂರು ದಾಟುತ್ತದಲ್ಲ ಅಂತ ಕೇಳಬೇಡಿ. ಪ್ಯಾಡ್ ಇದ್ದಾಗ ಪ್ಯಾಡ್, ಮುಗಿದಾಗ ಬಟ್ಟೆ ಅಂತ ಅರ್ಥ. ಅದರೊಳಗಿನ ಇನ್ನೊಂದು ಲೆಕ್ಕ ನನಗೆ ಮುಖ್ಯ ಅನ್ನಿಸಿತು. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರಲ್ಲಿ ಸುಮಾರು ನೂರಕ್ಕೆ 90 ಮಂದಿಗೆ ಶುಚಿಯಾದ ಸಾಧನ ಸಿಕ್ಕಿದೆ. ಶಾಲೆಯನ್ನೇ ಕಾಣದವರಲ್ಲಿ ಅರ್ಧದಷ್ಟೂ ಇಲ್ಲ. ಓದಿದವಳಿಗೆ ಪ್ಯಾಡ್ ಸಿಗುತ್ತದೆ, ಪ್ಯಾಡ್ ಇದ್ದವಳು ಓದುತ್ತಾಳೆ. ಎರಡೂ ಇಲ್ಲದವಳು ಇಬ್ಬರ ಕಣ್ಣಿಗೂ ಬೀಳುವುದಿಲ್ಲ.

ನಮ್ಮೂರ ಅಂಗಡಿಯಲ್ಲಿ ಆರೇಳು ಪ್ಯಾಡಿನ ಪೊಟ್ಟಣ 35-40 ರೂಪಾಯಿ. ತಿಂಗಳಿಗೆ ಎರಡು ಬೇಕು ಅಂದರೂ ಒಬ್ಬಳಿಗೆ ವರ್ಷಕ್ಕೆ ಒಂಬೈನೂರು ರೂಪಾಯಿ. ತಾಯಿ, ಇಬ್ಬರು ಹೆಣ್ಣುಮಕ್ಕಳು ಇರೋ ಮನೆಗೆ ಎರಡು ಸಾವಿರದ ಏಳ್ನೂರು. ಯೂರಿಯಾ 45 ಕೆ.ಜಿ. ಮೂಟೆ 266 ರೂಪಾಯಿ 50 ಪೈಸೆ ಅಂತ ನಮ್ಮನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ, ಹತ್ತು ರೂಪಾಯಿ ಹೆಚ್ಚು ಕೇಳಿದ ಅಂಗಡಿಯವನ ಜೊತೆ ಜಗಳಕ್ಕೆ ಬೀಳುತ್ತೇವೆ. ಹೆಣ್ಣುಮಕ್ಕಳ ಈ ಖರ್ಚು ಮಾತ್ರ ಯಾವ ಗಂಡಸಿನ ಪಟ್ಟಿಯಲ್ಲೂ ಬರೆದಿರೋದಿಲ್ಲ. ಬೇಳೆ, ಎಣ್ಣೆ ದುಡ್ಡಿನಲ್ಲಿ ಹಿಡಿದು ಹೆಂಗಸರೇ ಹೇಗೋ ತರಬೇಕು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಇದಕ್ಕೆ ನೂರಕ್ಕೆ ಹನ್ನೆರಡು ತೆರಿಗೆ ಹಾಕಿದ್ದರು, ಕುಂಕುಮ ಬಳೆಗೆ ತೆರಿಗೆ ಇರಲಿಲ್ಲ. ಕೂಗಾಡಿದ ಮೇಲೆ 2018ರ ಜುಲೈಯಲ್ಲಿ ತೆಗೆದರು. ಜನೌಷಧಿ ಅಂಗಡಿಗಳಲ್ಲಿ ‘ಸುವಿಧಾ’ ಅನ್ನೋ ಪ್ಯಾಡ್ 2019ರ ಆಗಸ್ಟಿನಿಂದ ಒಂದು ರೂಪಾಯಿಗೆ ಒಂದು. ಒಳ್ಳೆಯದೇ. ಆದರೆ ಹಳ್ಳಿಯಲ್ಲಿ ಆ ಅಂಗಡಿ ಇಲ್ಲ, ಒಂದು ರೂಪಾಯಿ ಪ್ಯಾಡಿಗೆ ಪೇಟೆಗೆ ಹೋಗಿಬರೋಕೆ ಅರ್ಧ ದಿನ ಕೂಲಿ ಹೋಗುತ್ತದೆ.

ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಹುಡುಗಿ ಬಂದು ಅಂಗಡಿ ಮುಂದೆ ನಿಂತು, ಗಂಡಸರೆಲ್ಲ ಹೋಗಲಿ ಅಂತ ಕಾಯುತ್ತಾಳೆ. ಆಮೇಲೆ ಸಣ್ಣ ದನಿಯಲ್ಲಿ ಕೇಳುತ್ತಾಳೆ. ನೀವು ಅದನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಕವರು ಹಾಕಿ, ಬಾಂಬು ಕೊಟ್ಟ ಹಾಗೆ ಕೊಡುತ್ತೀರಿ. ಮರ್ಯಾದೆಗೆ ಅಂತಲೇ ಮಾಡುತ್ತೀರಿ, ನನಗೆ ಗೊತ್ತು. ಬೀಡಿ ಕಟ್ಟಿಗೆ ಕವರು ಹಾಕದ ನೀವು ಇದಕ್ಕೆ ಹಾಕಿದರೆ ಆ ಮಗು ಏನು ಕಲಿಯುತ್ತೆ, ಯೋಚಿಸಿ. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅಂತ ಒಬ್ಬರು, ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು, ಹೆಂಡತಿ ಬಟ್ಟೆ ಬಚ್ಚಿಡೋದನ್ನು ಕಂಡು ಅಗ್ಗದ ಪ್ಯಾಡ್ ಮಾಡುವ ಯಂತ್ರ ಕಟ್ಟಿದರು. ಊರು ಅವರನ್ನು ಹುಚ್ಚ ಅಂದಿತು. 2016ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ನಮಗೆ ಯಂತ್ರ ಕಟ್ಟು ಅಂತ ಯಾರೂ ಹೇಳುತ್ತಿಲ್ಲ, ಕಪ್ಪು ಕವರು ಬಿಡಿ ಅಂತ ಅಷ್ಟೇ.

ಇನ್ನು ನನ್ನದೇ ಕಸುಬಾದ ಭಾಷೆಯ ವಿಷಯ. ಮೂರು ವರ್ಷದ ಹಿಂದೆ ನಮ್ಮ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಹುಡುಗಿಯರಿಗೆ ತಿಳುವಳಿಕೆ ಕೊಡೋಕೆ ಆಸ್ಪತ್ರೆಯವರು ಬಂದರು. ಬಂದ ತಾಯಿ ತೆಲುಗಿನವರು, ಒಳ್ಳೆಯವರು. ಮುಕ್ಕಾಲು ಗಂಟೆ ಹೇಳಿ ‘ಅರ್ಥಮಯ್ಯಿಂದಾ?’ ಅಂದರು. ಎಲ್ಲರೂ ಒಟ್ಟಿಗೆ ‘ಅಯ್ಯಿಂದಿ ಮೇಡಂ’ ಅಂದರು. ಅಂಗಡಿಯಲ್ಲಿ, ಬಸ್ಸಿನಲ್ಲಿ ಆ ಮಕ್ಕಳಿಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೆ ಹೊಟ್ಟೆನೋವು, ಭಯ, ನಾಚಿಕೆ ಅಂಗಡಿ ತೆಲುಗಿನಲ್ಲಿ ಹೇಳೋಕಾಗುತ್ತಾ? ಆಮೇಲೆ ಅಲ್ಲಿನ ಟೀಚರಮ್ಮ ಒಂದು ತೆಲುಗು ಕರಪತ್ರ ನನ್ನ ಕೈಗೆ ಕೊಟ್ಟು, ‘ಅಣ್ಣ, ನೀವು ಎರಡೂ ಬಲ್ಲೋರು, ಇದನ್ನ ನಮ್ಮ ಮಕ್ಕಳಿಗೆ ತಿಳಿಯೋ ಹಂಗೆ ಕನ್ನಡದಾಗೆ ಬರ್ಕೊಡಿ’ ಅಂದರು.

ಒಂದು ಪುಟ, ಎಷ್ಟು ಹೊತ್ತು ಹಿಡಿಯುತ್ತೆ ಅಂದುಕೊಂಡೆ. ರಾತ್ರಿ ಕೂತೆ. ಮೊದಲನೇ ಸಾಲಲ್ಲೇ ನಿಂತೆ. ಪುಸ್ತಕದ ಮಾತು ನನಗೆ ಗೊತ್ತಿತ್ತು: ಋತುಸ್ರಾವ, ರಜಸ್ವಲೆ, ಋತುಚಕ್ರ. ಬರೆದು ಹೆಂಡತಿಗೆ ಓದಿ ಹೇಳಿದರೆ, ‘ಇದ್ಯಾವ ದೇವಸ್ಥಾನದ ಮಂತ್ರ?’ ಅಂದಳು. ಮನೆಮಾತು ಯಾವುದು ಅಂದರೆ ‘ಹೊರಗಾಗೋದು’, ‘ಕಡೆಗೆ ಕೂತಿರೋದು’. ತೆಲುಗಿನಲ್ಲೂ ಅದೇ, ‘ಬಯಟ’. ಎರಡು ಭಾಷೆಯೂ ಸೇರಿ ಅವಳನ್ನು ಹೊರಗೇ ಕಳಿಸಿವೆ. ‘ಮುಟ್ಟು’ ಅನ್ನೋದೊಂದು ಮಾತು ನೋಡಿ. ಕೈಯಲ್ಲಿ ಸೋಕುವುದಕ್ಕೂ ಮುಟ್ಟು. ಬಡಗಿ, ಕಮ್ಮಾರರ ಹತ್ಯಾರಕ್ಕೂ ನಮ್ಮಲ್ಲಿ ಮುಟ್ಟು, ತೆಲುಗಿನಲ್ಲಿ ‘ಪನಿಮುಟ್ಟು’. ಮುಟ್ಟಬಾರದು ಅಂತ ದೂರ ಇಟ್ಟದ್ದಕ್ಕೂ ಅದೇ ಮಾತು. ಕಡಲೆಕಾಯಿ ಎಲೆಗೆ ಬರೋ ಒಂದು ಚುಕ್ಕೆಗೆ ನನ್ನ ಹತ್ತಿರ ಎರಡು ಭಾಷೆಯಲ್ಲಿ ನಾಲ್ಕು ಪದ ಇವೆ. ಹನ್ನೆರಡು ವರ್ಷದ ಮಗುವಿಗೆ ‘ನಿನ್ನ ಮೈಯಲ್ಲಿ ಆಗೋದು ಇದು, ಹೆದರಬೇಡ’ ಅನ್ನೋಕೆ ಒಂದೂ ಇರಲಿಲ್ಲ.

ಕೊನೆಗೆ ಆ ಪುಟ ಬರೆದದ್ದು ನಾನಲ್ಲ. ನನ್ನ ಹೆಂಡತಿ, ಊರಿನ ಆಶಾ ಕಾರ್ಯಕರ್ತೆ, ಇಬ್ಬರೂ ಹೇಳಿದರು, ನಾನು ಬರಕೊಂಡೆ. ‘ತಿಂಗಳು ತಿಂಗಳೂ ಆಗೋದು ಕಾಯಿಲೆ ಅಲ್ಲ. ಮೊದಮೊದಲು ತಿಂಗಳು ಹಿಂದೆ ಮುಂದೆ ಆಗುತ್ತೆ, ಗಾಬರಿ ಬೇಡ. ಆರು ಗಂಟೆ ಮೇಲೆ ಒಂದೇ ಪ್ಯಾಡ್ ಇಟ್ಕೋಬೇಡಿ. ಬಟ್ಟೆ ಆದರೆ ಬಿಸಿಲಿಗೇ ಹಾಕಿ. ವಾರಕ್ಕೊಂದು ಕೊಡೋ ನೀಲಿ ಮಾತ್ರೆ ಎಸೀಬೇಡಿ, ಊಟ ಆದ್ಮೇಲೆ ನುಂಗಿ.’ ಆ ನೀಲಿ ಮಾತ್ರೆ ಕಬ್ಬಿಣಾಂಶದ್ದು. ದೇಶದಲ್ಲಿ 15ರಿಂದ 19 ವಯಸ್ಸಿನ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತ ಕಡಿಮೆ ಅಂತ ಅದೇ ಸಮೀಕ್ಷೆ ಹೇಳಿದೆ. ನಮ್ಮ ಶಾಲೆ ಹಿಂದಿನ ಬೇಲಿಯಲ್ಲಿ ನೀಲಿ ಮಾತ್ರೆ ಬಿದ್ದಿರೋದನ್ನು ನಾನೇ ಕಂಡಿದ್ದೇನೆ. ಯಾಕೆ ಅಂತ ಕನ್ನಡದಲ್ಲಿ ಹೇಳಿದವರಿಲ್ಲ. ಗಡಿ ಕನ್ನಡ ಅಂದರೆ ಬರೀ ನಾಮಫಲಕ ಅಲ್ಲ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಇಷ್ಟೆಲ್ಲ ಶಾಲೆಯೊಳಗಿರುವವರ ಮಾತಾಯಿತು. ಆದರೆ ನನ್ನನ್ನು ಈ ಲೇಖನ ಬರೆಯೋಕೆ ಕೂರಿಸಿದವಳು ಶಾಲೆಯೊಳಗಿಲ್ಲ.

ಕಳೆದ ವರ್ಷ ಕಡಲೆಕಾಯಿಗೆ ಕಳೆ ತೆಗೆಯೋಕೆ ಹತ್ತು ಹೆಣ್ಣಾಳು ಬರುತ್ತಿದ್ದರು. ಅದರಲ್ಲಿ ಹದಿನಾರು ವರ್ಷದ ಒಬ್ಬ ಹುಡುಗಿ, ಎಂಟನೇ ತರಗತಿಗೆ ಬಿಟ್ಟವಳು. ಒಳ್ಳೆ ಕೆಲಸಗಾತಿ. ತಿಂಗಳಲ್ಲಿ ಮೂರು ದಿನ ಮಾತ್ರ ತಪ್ಪದೆ ನಾಗಾ ಮಾಡುತ್ತಿದ್ದಳು. ಕಳೆ ಕೆಲಸ ಗೊತ್ತಲ್ಲ, ಮಳೆ ಬಿದ್ದ ಮೇಲೆ ಒಂದು ದಿನ ತಡವಾದರೆ ಹುಲ್ಲು ಮೇಲೆದ್ದುಬಿಡುತ್ತದೆ. ನಾನು ಆಳುಗಳನ್ನು ಕರೆತರುವ ಮೇಸ್ತ್ರಿ ಹತ್ತಿರ, ‘ಆ ಹುಡುಗಿ ಸೋಮಾರಿ, ಅವಳ ಬದಲು ಬೇರೆಯವರನ್ನ ನೋಡಪ್ಪ’ ಅಂದೆ. ನೋಡಿದ. ಅವಳು ಬರೋದು ನಿಂತಳು. ವಾರ ಆದ ಮೇಲೆ ಹೆಂಡತಿ ಹೇಳಿದಳು, ‘ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಬಯಲಲ್ಲಿ ಬಗ್ಗಿರಬೇಕು. ಮರೆ ಇಲ್ಲ, ನೀರಿಲ್ಲ, ಸುತ್ತ ಗಂಡಸರು ಗುಂಟೆ ಹೊಡೀತಾ ಇರ್ತಾರೆ. ಪಾಲಿಯೆಸ್ಟರ್ ಬಟ್ಟೆ ಕಟ್ಕಂಡು ಹೆಂಗೆ ಬತ್ತಾಳೆ ಆ ಮಗು? ಸೋಮಾರಿ ಅಂದ್ರಂತಲ್ಲ.’ ದಿನಕ್ಕೆ ಮುನ್ನೂರು ಕೂಲಿ, ಮೂರು ದಿನಕ್ಕೆ ಒಂಬೈನೂರು ಅವಳು ಪ್ರತಿ ತಿಂಗಳು ಕಳಕೊಳ್ಳುತ್ತಿದ್ದಳು. ಮೇಲೆ ಹೇಳಿದ ಒಬ್ಬಳ ವರ್ಷದ ಖರ್ಚು ಅಷ್ಟೇ.

ಅವಳಿಗೆ ‘ಸ್ವೇಚ್ಛ’ ಇರಲಿಲ್ಲ. ಗಡಿಯ ಆಚೆಗಿದ್ದರೆ ‘ಶುಚಿ’ಯೂ ಇರುತ್ತಿರಲಿಲ್ಲ. ಎರಡೂ ಸರ್ಕಾರದ ಪೊಟ್ಟಣ ಶಾಲೆಯ ಗೇಟಿನವರೆಗೆ ಬಂದು ನಿಲ್ಲುತ್ತದೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಕೈಗೆ ಬರುತ್ತದೆ. 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಒಪ್ಪಿತು. ಆಫೀಸು, ಗಾರ್ಮೆಂಟ್ಸ್, ಕಂಪ್ಯೂಟರ್ ಕಂಪನಿ. ಕಳೆ ತೆಗೆಯುವವಳಿಗೆ ರಜೆ ಕೊಡಬೇಕಾದ ಯಜಮಾನ ಯಾರು? ನಾನೇ. ನಾನು ಕೊಟ್ಟದ್ದು ಏನು ಅಂತ ಮೇಲೆ ಬರೆದಿದ್ದೇನೆ. 2026ರ ಜನವರಿ 30ರಂದು ಸುಪ್ರೀಂ ಕೋರ್ಟು ಮುಟ್ಟಿನ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟು, ಎಲ್ಲಾ ಶಾಲೆಗಳಲ್ಲೂ ಪುಕ್ಕಟೆ ಪ್ಯಾಡ್, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇರಬೇಕು ಅಂದಿತು. ದೊಡ್ಡ ಮಾತು, ಸಂತೋಷ. ಆದರೆ ಅದೂ ಶಾಲೆಯ ಒಳಗಿನ ಮಾತು.

ಶಾಲೆ ಬಿಟ್ಟದ್ದು ಯಾಕೆ ಅಂತ ಅವಳ ತಾಯಿಯನ್ನು ಕೇಳಿದೆ. ‘ಕಡ್ಡಾಯ ಓದು ಹದಿನಾಲ್ಕು ವರ್ಷಕ್ಕೆ ಮುಗೀತಲ್ಲ ಅಣ್ಣಯ್ಯ, ಆಮೇಲೆ ಕೇಳೋಕೆ ಯಾರೂ ಬರಲಿಲ್ಲ’ ಅಂದಳು. ಮುಂದಿನ ಶಾಲೆಗೆ ದೂರ. ಸರಿಯಾಗಿ ಆ ವಯಸ್ಸಿಗೇ ಮುಟ್ಟೂ, ಆ ವಯಸ್ಸಿಗೇ ಗಂಡು ನೋಡೋದೂ. ಆಂಧ್ರದಲ್ಲಿ 20-24 ವಯಸ್ಸಿನ ನೂರು ಹೆಂಗಸರಲ್ಲಿ 29 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು, ಕರ್ನಾಟಕದಲ್ಲಿ 21 ಮಂದಿಗೆ. ಇದೂ ಅದೇ ಸಮೀಕ್ಷೆಯ ಲೆಕ್ಕ. ಹತ್ತನೇ ತರಗತಿ ದಾಟಿದವರಿಗೂ ಗಡಿ ಕಾಡುತ್ತದೆ. ಕನ್ನಡದಲ್ಲೇ ಮುಂದೆ ಓದಬೇಕು ಅಂತ ನಮ್ಮ ಮಕ್ಕಳು ಬಹುಮಟ್ಟಿಗೆ ಶಿರಾ ಕಡೆ ಹೋಗುತ್ತಾರೆ. ಕರ್ನಾಟಕದ ‘ಶಕ್ತಿ’ ಬಸ್ಸು 2023ರ ಜೂನ್ 11ರಿಂದ ಹೆಂಗಸರಿಗೆ ಪುಕ್ಕಟೆ, ಆಂಧ್ರದ ‘ಸ್ತ್ರೀ ಶಕ್ತಿ’ 2025ರ ಆಗಸ್ಟ್ 15ರಿಂದ. ಎರಡೂ ಕಡೆ ಕಂಡಕ್ಟರು ನೋಡೋದು ಕಾರ್ಡಿನ ಮೇಲಿನ ವಿಳಾಸವನ್ನೇ. ಆಂಧ್ರದ ಕಾರ್ಡು ಹಿಡಿದು ಕರ್ನಾಟಕದ ಬಸ್ಸು ಹತ್ತಿದ ಕನ್ನಡದ ಹುಡುಗಿ ಟಿಕೆಟ್ ತಗೋಬೇಕು. ಶಕ್ತಿ ಎರಡೂ ಕಡೆ ಇದೆ, ಅವಳ ಪಾಲಿಗೆ ಎರಡೂ ಇಲ್ಲ.

ಶಾಲೆಯ ಹೊರಗೆ ಕೊಡೋಕೆ ದಾರಿಯೇ ಇಲ್ಲ ಅಂತ ಅಧಿಕಾರಿಗಳು ಹೇಳಬಾರದು. 2011ರಲ್ಲೇ ಕೇಂದ್ರ ಸರ್ಕಾರ ‘ಫ್ರೀಡೇಸ್’ ಅಂತ ಆರು ಪ್ಯಾಡಿನ ಪೊಟ್ಟಣವನ್ನು ಆರು ರೂಪಾಯಿಗೆ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಮನೆಬಾಗಿಲಿಗೆ ಕೊಡಿಸಿತ್ತು, 107 ಜಿಲ್ಲೆಗಳಲ್ಲಿ. ಪೊಟ್ಟಣಕ್ಕೊಂದು ರೂಪಾಯಿ ಆಶಾಗೆ. 2010ರಲ್ಲಿ ‘ಸಬಲಾ’ ಅಂತ ಬಂದಾಗ 11ರಿಂದ 18 ವಯಸ್ಸಿನ, ಶಾಲೆ ಬಿಟ್ಟ ಹುಡುಗಿಯರನ್ನೂ ಅಂಗನವಾಡಿಗೇ ಸೇರಿಸಿದ್ದರು. ಅಂದರೆ ದಾರಿ ಗೊತ್ತಿದೆ, ನಡೆದೂ ನೋಡಿದ್ದಾರೆ. ಶಾಲೆಯ ಲೆಕ್ಕಕ್ಕೆ ಒಂದು ಮೂಟೆ ಬರುವಾಗ ಊರಿನ ಅಂಗನವಾಡಿಗೆ ಇನ್ನೊಂದು ಮೂಟೆ ಬರಲಿ. ಹುಡುಗಿಯ ಹೆಸರು ಯಾವ ರಾಜ್ಯದ ಯಾವ ಪಟ್ಟಿಯಲ್ಲಿದೆ ಅನ್ನೋದಕ್ಕಿಂತ ಅವಳು ಈ ತಿಂಗಳು ಎಲ್ಲಿದ್ದಾಳೆ ಅನ್ನೋದು ನೋಡಲಿ; ನಮ್ಮಲ್ಲಿ ಸುಗ್ಗಿಗೆ ಆ ಕಡೆ ಹೋಗೋರು, ಈ ಕಡೆ ಬರೋರು ಎಷ್ಟೋ ಮಂದಿ. ಪೊಟ್ಟಣದ ಜೊತೆ ಬರುವ ಚೀಟಿ ಎರಡು ಭಾಷೆಯಲ್ಲಿರಲಿ. ಕನ್ನಡದ್ದು ಬರೆದುಕೊಡಲು ನನ್ನ ಹೆಂಡತಿ ಇದ್ದಾಳೆ.

ದಕ್ಷಿಣ ಕನ್ನಡ, ಚಾಮರಾಜನಗರದ ಕಡೆ ಕರ್ನಾಟಕದವರು ಮುಟ್ಟಿನ ಕಪ್ಪು ಕೊಟ್ಟು ನೋಡಿದ್ದಾರೆ, ವರ್ಷಗಟ್ಟಲೆ ಬಾಳುತ್ತದಂತೆ. ನೀರಿರುವ ಸೀಮೆಗೆ ಅದು ಸರಿ ಇರಬಹುದು. ಎರಡು ಬಿಂದಿಗೆ ನೀರಿಗೆ ಸಾಲು ನಿಲ್ಲುವ ನಮ್ಮ ಕಡೆ, ಅದನ್ನು ತೊಳೆದು ಕುದಿಸಲು ಮರೆ ಎಲ್ಲಿದೆ ಅಂತ ಮೊದಲು ಕೇಳಬೇಕು.

ರೈತರ ಪಾಲಿನದು ಸಣ್ಣದು. ನಾನು ಮಾಡಿದ್ದನ್ನು ಹೇಳುತ್ತೇನೆ, ಹೆಚ್ಚುಗಾರಿಕೆಗಲ್ಲ, ತಡವಾಗಿ ಮಾಡಿದ್ದು. ಬೋರ್‌ವೆಲ್ಲಿನ ಮೋಟಾರ್ ಮನೆ ಪಕ್ಕಕ್ಕೆ ನಾಲ್ಕು ಕಲ್ಲು ಕಂಬ ನೆಟ್ಟು ತಗಡು ಹೊಡೆಸಿದೆ, ಒಳಗೊಂದು ನಲ್ಲಿ, ಒಂದು ಗೂಡು. ಗೂಡಿನಲ್ಲಿ ಒಂದು ಪೊಟ್ಟಣ ಇಟ್ಟಿರುತ್ತದೆ, ಯಾರು ತಗೊಂಡರು ಅಂತ ಲೆಕ್ಕ ಇಲ್ಲ. ಬಳಸಿದ್ದನ್ನು ಹಾಕಲು ಪಕ್ಕದಲ್ಲಿ ಆಳದ ಗುಂಡಿ, ಇಲ್ಲದಿದ್ದರೆ ಕಾಲುವೆಗೆ ಬಂದು ದನ ಬಾಯಿ ಹಾಕುತ್ತವೆ. ಪಕ್ಕದ ಹೊಲದವನು ‘ಏನ್ ಭಾವ, ಹೊಲದಾಗೆ ಬಾತ್‌ರೂಮು?’ ಅಂತ ನಕ್ಕ. ಈ ಮುಂಗಾರಿಗೆ ಅವನ ಹೊಲಕ್ಕೆ ಬಂದ ಆಳುಗಳೂ ಇಲ್ಲಿಗೇ ಬಂದು ಹೋಗುತ್ತಿದ್ದಾರೆ.

ಆ ಹುಡುಗಿ ಮನೆಗೆ ನಾನೇ ಹೋಗಿ ಕರೆದೆ. ತಪ್ಪಾಯಿತು ಅನ್ನೋಕೆ ಬಾಯಿ ಬರಲಿಲ್ಲ, ‘ಬಾರಮ್ಮ ಕೆಲಸಕ್ಕೆ’ ಅಂದೆ ಅಷ್ಟೇ. ಬರುತ್ತಿದ್ದಾಳೆ. ಹೋದ ವಾರ ಬುತ್ತಿ ಉಣ್ಣುವಾಗ ನನ್ನ ಹೆಂಡತಿಯ ಹತ್ತಿರ, ಓಪನ್ ಸ್ಕೂಲಿನಲ್ಲಿ ಮನೇಲೇ ಓದಿ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದಂತೆ ಹೌದಾ ಅಂತ ಕೇಳಿದಳಂತೆ. ಹೌದು ಅಂದಿದ್ದಾಳೆ ಇವಳು. ‘ಕನ್ನಡದಾಗೆ ಬರೀಬೋದಾ?’ ಅಂತ ಮತ್ತೆ ಕೇಳಿದ್ದಾಳೆ. ಅದಕ್ಕೆ ಇವಳ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ. ಸೋಮವಾರ ಹುಣಸೆಹಣ್ಣು ಹಾಕಿಕೊಂಡು ಪೇಟೆಗೆ ಹೋಗುತ್ತಾ ಇದ್ದೇನೆ. ಮಂಡಿ ಕೆಲಸ ಮುಗಿಸಿ ಆಫೀಸಿಗೆ ಹೋಗಿ ಕೇಳಿಕೊಂಡು ಬರುತ್ತೇನೆ.